ಬೆರಳಿಗೆ ಇನ್ನೂ ಹಳೇ ಕ್ಯಾಮೆರಾದ್ದೇ ನೆನಪು!

ಹೊಸ ಕ್ಯಾಮೆರಾ ಕೈಗೆ ಬಂದ ಖುಷಿಯಲ್ಲಿ ನೇರ ಮದುವೆ ಮನೆಗೆ ಹೊರಟಿದ್ದೀರಾ? ಸ್ವಲ್ಪ ತಡೀರಿ. ಹಿಂಗೇ ಹೋಗಿ ಪೇಚಿಗೆ ಬಿದ್ದವಳ ಮಾತು ಒಂದಿಷ್ಟು ಕೇಳಿ.

ಚಿತ್ತಾಪುರದಲ್ಲಿ ನಮ್ಮಕ್ಕನ ಮಗಳ ಮದುವೆ. 2019ರ ಮೇ ತಿಂಗಳು. ಮಂಗಳಾಷ್ಟಕ ಮುಗಿಯುತ್ತಾ ಬಂದಿತ್ತು. ಪೆಂಡಾಲಿನ ತುಂಬಾ ಜನ ಮುಷ್ಟಿಯಲ್ಲಿ ಅಕ್ಕಿಕಾಳು ಹಿಡಿದು ಎದ್ದು ನಿಂತಿದ್ದರು. ನಾನು ಸ್ಟೇಜಿನ ಮೂಲೆಯಲ್ಲಿದ್ದೆ. ಕೈಯಲ್ಲಿ ನಾಲ್ಕೇ ದಿನದ ಹಿಂದೆ ಕೊಂಡ ಸೆಕೆಂಡ್ ಹ್ಯಾಂಡ್ ನಿಕಾನ್. ಬಾಜಾ ಜೋರಾಯಿತು. ತಾಳಿ ಕಟ್ಟುವ ಕೈಗಳನ್ನು ಹತ್ತಿರಕ್ಕೆ ತರೋಣ ಅಂತ ಜೂಮ್ ತಿರುಗಿಸಿದೆ. ಹತ್ತಿರ ಬರುವ ಬದಲು ಕೈಗಳು ದೂರ ಓಡಿದವು! ಗಾಬರಿಯಲ್ಲಿ ಒಂದು ಒತ್ತಿಯೂಬಿಟ್ಟೆ. ಹಿಂದಿನ ಪರದೆಯಲ್ಲಿ ನೋಡಿದರೆ ಮುಖಗಳೆಲ್ಲ ಕಪ್ಪು, ಹಿಂದಿನ ಬಿಸಿಲಷ್ಟೇ ಬೆಳ್ಳಗೆ. ಬೆಳಕು ಏರಿಸಬೇಕಲ್ಲ? ಹೆಬ್ಬೆರಳು ಹಳೇ ಜಾಗದಲ್ಲಿ ಗುಂಡಿ ಹುಡುಕಿತು, ತೋರುಬೆರಳು ಹಳೇ ಜಾಗದಲ್ಲಿ ಚಕ್ರ ಹುಡುಕಿತು. ಅಲ್ಲಿ ಗುಂಡಿಯೂ ಇಲ್ಲ, ಚಕ್ರವೂ ಇಲ್ಲ. ತಲೆ ಬಗ್ಗಿಸಿ ಹುಡುಕಿ, ಮತ್ತೆ ತಲೆ ಎತ್ತುವಷ್ಟರಲ್ಲಿ ತಾಳಿ ಕಟ್ಟಿ ಆಗಿತ್ತು.

ನನ್ನ ಹತ್ತಿರ ಉಳಿದದ್ದು ಒಂದೇ ಒಂದು ಫೋಟೊ. ಅದರಲ್ಲಿ ಪೆಂಡಾಲಿನ ಫ್ಯಾನು ಸ್ಪಷ್ಟವಾಗಿದೆ. ಯಾರದೋ ಬೆನ್ನೂ ಚೆನ್ನಾಗಿ ಬಂದಿದೆ.

“ಬ್ಯಾರೆ ಫೋಟೊದವ್ರು ಯಾಕ? ನಮ್ಮಾಕಿನೇ ಅದಾಳಲ್ಲ” ಅಂತ ಬೀಗರ ಮುಂದೆ ಹೇಳಿದ್ದ ಅಕ್ಕ ಆಮೇಲೆ ನನಗೆ ಬೈಯಲಿಲ್ಲ. “ಇರ್ಲಿ ಬಿಡು, ಮೊಬೈಲ್‌ದಾಗ ಯಾರರೆ ತಗ್ದಿರ್ತಾರ” ಅಂದಳಷ್ಟೆ. ಬೈದಿದ್ದರೇ ಚಲೋ ಇತ್ತು! ಯಾರದೋ ಮೊಬೈಲಿನಿಂದ ತಂದ ಮಸುಕು ಫೋಟೊ ಇವತ್ತಿಗೂ ಆ ಆಲ್ಬಮ್ಮಿನ ನಡುಪುಟದಲ್ಲಿದೆ. ಅವರ ಮನೆಗೆ ಹೋದಾಗ ಯಾರಾದರೂ ಆಲ್ಬಮ್ ತೆಗೆದರೆ ನಾನು ಚಹಾ ಮಾಡುವ ನೆಪದಲ್ಲಿ ಒಳಗೆ ಎದ್ದು ಹೋಗ್ತೀನಿ.

ನಷ್ಟ ಅಲ್ಲಿಗೇ ಮುಗಿಯಲಿಲ್ಲ ನೋಡಿ. ಸೇಡಂ ಸುತ್ತಮುತ್ತ ಆಗಷ್ಟೇ ನನಗೆ ಸಣ್ಣಪುಟ್ಟ ಕೆಲಸ ಸಿಗಲು ಶುರುವಾಗಿತ್ತು. ಕುಬಸ, ತೊಟ್ಟಿಲು, ಅರಿಶಿಣ ಹಚ್ಚುವುದು… ಇಂಥ ಕಾರ್ಯಗಳಲ್ಲಿ ಒಳಮನೆಗೆ ಗಂಡಸು ಫೋಟೊಗ್ರಾಫರ್ ಬರುವುದು ಹಲವು ಮನೆಗಳಲ್ಲಿ ಇಂದಿಗೂ ಮುಜುಗರವೇ. “ಹೆಣ್ಮಗಳೇ ಬರ್ತಾಳಂದ್ರ ಚಲೋ ಆಯ್ತು” ಅಂತ ಕರೆಯುತ್ತಿದ್ದರು. ಚಿತ್ತಾಪುರದ ಸುದ್ದಿ ಸೇಡಂಗೆ ಬರಲು ಎಷ್ಟು ಹೊತ್ತು? “ಆಕೀಗಿ ಹೊಸ ಕ್ಯಾಮೆರಾ ಬರಂಗಿಲ್ಲಂತ” ಅಂತ ಮಾತು ಹಬ್ಬಿತು. ಎರಡು ಕುಬಸ ಕೈತಪ್ಪಿದವು.

ತಪ್ಪು ಯಾರದು?

ಕ್ಯಾಮೆರಾದ್ದಂತೂ ಅಲ್ಲ. ಅದೇ ನಿಕಾನ್ ಇವತ್ತು ನನ್ನ ಮನೆ ನಡೆಸುವುದಕ್ಕೆ ಕೈಜೋಡಿಸಿದೆ. ತಪ್ಪು ನನ್ನದೇ. ಐದು ವರ್ಷ ತಮ್ಮನ ಕ್ಯಾನನ್ 1200ಡಿ ಬಳಸಿದ್ದೆ. ಕಣ್ಣು ಮುಚ್ಚಿಕೊಂಡು ಅದನ್ನು ಆಡಿಸುವಷ್ಟು ರೂಢಿ. ಫೋಟೊ ತೆಗೆಯುವುದು ಗೊತ್ತಿದೆ, ಇನ್ನೇನು ಕಲಿಯುವುದಿದೆ ಅಂದುಕೊಂಡೆ. ಬೆಳಕು, ಚೌಕಟ್ಟು, ಹೊತ್ತು ನೋಡಿ ಒತ್ತುವುದು, ಇವೆಲ್ಲ ನಮ್ಮ ಜೊತೆಗೇ ಹೊಸ ಕ್ಯಾಮೆರಾಕ್ಕೂ ಬರುತ್ತವೆ. ಆದರೆ ಬೆರಳಿನ ರೂಢಿ ಹಾಗಲ್ಲ. ಅದು ಹಳೇ ಕ್ಯಾಮೆರಾದ ಆಕಾರಕ್ಕೇ ಅಂಟಿಕೊಂಡಿರುತ್ತದೆ.

ಹೊಲಿಗೆ ಮಷಿನ್ ಬಳಸುವವರಿಗೆ ಇದು ಥಟ್ಟನೆ ಅರ್ಥವಾದೀತು. ಚಕ್ರವನ್ನು ನಮ್ಮ ಕಡೆಗೇ ತಿರುಗಿಸಬೇಕು ಅಂತ ಕೈಗೆ ಗೊತ್ತಿರುತ್ತದೆ, ತಲೆಗೆ ನೆನಪಿರಬೇಕಾಗಿಲ್ಲ. ಹೊಸದಾಗಿ ಕೂತವರು ಹಿಂದಕ್ಕೆ ತಿರುಗಿಸಿ ದಾರ ತುಂಡು ಮಾಡುತ್ತಾರೆ. ಮನೆಯಲ್ಲಿ ಗ್ಯಾಸ್ ಒಲೆ ಬದಲಾದ ವಾರ ನೆನಪಿಸಿಕೊಳ್ಳಿ. ಯಾವ ಗುಂಡಿಗೆ ಯಾವ ಒಲೆ ಅಂತ ನೋಡಿ ನೋಡಿ ತಿರುಗಿಸಿದ್ದಿಲ್ಲವೇ? ಅನ್ನದ ಪಾತ್ರೆಯಾದರೆ ಎರಡು ನಿಮಿಷ ಕಾಯುತ್ತದೆ. ಅಕ್ಕಿಕಾಳು ಕಾಯೋದಿಲ್ಲ.

ನಾನು ಆಗ ಗಮನಿಸದೇ ಇದ್ದದ್ದು, ಆಮೇಲೆ ಎರಡೂ ಕ್ಯಾಮೆರಾ ಪಕ್ಕಪಕ್ಕ ಇಟ್ಟುಕೊಂಡು ಕಂಡದ್ದು ಇಷ್ಟು. ಕ್ಯಾನನ್ನಿನ ಜೂಮ್ ಉಂಗುರ ಯಾವ ಕಡೆ ತಿರುಗಿದರೆ ದೃಶ್ಯ ಹತ್ತಿರ ಬರುತ್ತದೋ, ನಿಕಾನ್‌ನಲ್ಲಿ ಅದೇ ಕಡೆ ತಿರುಗಿಸಿದರೆ ದೂರ ಹೋಗುತ್ತದೆ. ಬೇರೆ ಕಂಪನಿಯ ಲೆನ್ಸಾದರೂ ಇದು ತಪ್ಪುವುದಿಲ್ಲ. ಸಿಗ್ಮಾ ಜೂಮ್‌ಗಳು ಸಾಮಾನ್ಯವಾಗಿ ಕ್ಯಾನನ್ ಕಡೆ ತಿರುಗುತ್ತವೆ, ಟ್ಯಾಮ್ರಾನ್ ನಿಕಾನ್ ಕಡೆ. ಹಾಗಾಗಿ ಕ್ಯಾಮೆರಾ ಹಳೆಯದೇ ಇದ್ದು ಲೆನ್ಸ್ ಮಾತ್ರ ಹೊಸದಾದರೂ ಕೈ ತಪ್ಪಬಹುದು.

ಲೆನ್ಸ್ ಕೂಡಿಸುವುದೂ ಉಲ್ಟಾ. ಕ್ಯಾಮೆರಾದ ಮುಖ ನಿಮ್ಮ ಕಡೆ ಇದ್ದಾಗ ಕ್ಯಾನನ್ ಲೆನ್ಸನ್ನು ಗಡಿಯಾರದ ಮುಳ್ಳು ಹೋಗುವ ಕಡೆಗೆ ತಿರುಗಿಸಿದರೆ ‘ಟಕ್’ ಅಂತ ಕೂರುತ್ತದೆ. ನಿಕಾನ್ ಲೆನ್ಸ್ ಅದರ ವಿರುದ್ಧ ದಿಕ್ಕಿಗೆ. ಕೂರದಿದ್ದರೆ ಜೋರು ಮಾಡಬೇಡಿ. ಡಬ್ಬಿ ಮುಚ್ಚಳ ಅಲ್ಲ ಅದು. ಲೆನ್ಸಿನ ಗುರುತು ಮತ್ತು ಕ್ಯಾಮೆರಾದ ಗುರುತು ಎದುರುಬದುರು ಬಂದಿವೆಯೋ ನೋಡಿ, ನಿಧಾನಕ್ಕೆ ತಿರುಗಿಸಿ.

ನನ್ನನ್ನು ಬೀಳಿಸಿದ್ದು ಮುಖ್ಯವಾಗಿ ಬೆಳಕು ಏರಿಸುವ ಗುಂಡಿ. 1200ಡಿಯಲ್ಲಿ ಹಿಂಬದಿಯ ಗುಂಡಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಶಟರ್ ಹಿಂದಿನ ಚಕ್ರವನ್ನು ತೋರುಬೆರಳಲ್ಲಿ ತಿರುಗಿಸಬೇಕು. ನಾನು ಕೊಂಡ ಡಿ5600ನಲ್ಲಿ ಗುಂಡಿ ಮೇಲೆ, ಶಟರ್ ಪಕ್ಕದಲ್ಲಿದೆ. ಚಕ್ರ ಹಿಂದೆ, ಹೆಬ್ಬೆರಳಿನ ಕೆಳಗಿದೆ. ಅಂದರೆ ಹೆಬ್ಬೆರಳಿನ ಕೆಲಸ ತೋರುಬೆರಳಿಗೆ, ತೋರುಬೆರಳಿನ ಕೆಲಸ ಹೆಬ್ಬೆರಳಿಗೆ! ಅತ್ತಿ ಸೊಸಿ ಕೆಲಸ ಅದಲುಬದಲಾದ ಹಾಗೆ. ಎರಡೂ ಒಳ್ಳೆಯ ಪದ್ಧತಿಗಳೇ, ಒಂದರ ರೂಢಿಯಲ್ಲಿ ಇನ್ನೊಂದಕ್ಕೆ ಹೋದಾಗಲೇ ತಾಪತ್ರಯ. ಇನ್ನೂ ಹಳೆಯ ನಿಕಾನ್ ಸಿಕ್ಕಿದರೆ ಮತ್ತೊಂದು ಎಚ್ಚರ: ಬೆಳಕಿನ ಅಳತೆಪಟ್ಟಿಯಲ್ಲಿ ಪ್ಲಸ್ ಎಡಕ್ಕೆ, ಮೈನಸ್ ಬಲಕ್ಕೆ ಇರುತ್ತದೆ. ಕ್ಯಾನನ್‌ನಲ್ಲಿ ಪ್ಲಸ್ ಬಲಕ್ಕೆ. ಕೆಲವು ನಿಕಾನ್‌ಗಳ ಮೆನುವಿನಲ್ಲಿ ಇದನ್ನು ತಿರುಗಿಸಿಕೊಳ್ಳುವ ಅನುಕೂಲವೂ ಇದೆ. ಚಕ್ರ ಯಾವ ಕಡೆ ತಿರುಗಿದರೆ ಏರಬೇಕು ಅನ್ನುವುದನ್ನೂ ಬದಲಿಸಿಕೊಳ್ಳಬಹುದು. ಮೆನು ಹುಡುಕಿ ನೋಡಿ, ಇದ್ದರೆ ಅರ್ಧ ಕಷ್ಟ ಕಡಿಮೆ.

ಅಂದಹಾಗೆ ಡಿ5600ರ ಮೆನುವನ್ನು ಹಿಂದಿ, ಮರಾಠಿ, ತೆಲುಗಿನಲ್ಲೂ ಓದಬಹುದು. ಕನ್ನಡ ಇಲ್ಲ. ನಮ್ಮ ಗಡಿಭಾಗದಲ್ಲಿ ತೆಲುಗು ಬಲ್ಲವರು ಬೇಕಾದಷ್ಟು ಮಂದಿ ಇದ್ದಾರೆ, ಅವರಿಗಾದರೂ ಅನುಕೂಲ. ನಾನು ಮಾತ್ರ ಇಂಗ್ಲಿಷಿಗೇ ಅಂಟಿಕೊಂಡೆ. ಯಾರನ್ನಾದರೂ ಫೋನಿನಲ್ಲಿ ಕೇಳಿದರೆ ಅವರು ಇಂಗ್ಲಿಷ್ ಹೆಸರೇ ಹೇಳೋದು.

ದೊಡ್ಡವರಿಗೂ ತಪ್ಪಿಲ್ಲ

ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಹೋಮಾಯ್ ವ್ಯಾರಾವಾಲಾ ಅವರ ಹೆಸರು ಕೇಳಿರಬಹುದು. 1913ರಲ್ಲಿ ಹುಟ್ಟಿ 2012ರಲ್ಲಿ ತೀರಿಕೊಂಡವರು. 2011ರಲ್ಲಿ ಪದ್ಮವಿಭೂಷಣ ಬಂತು. ಸೀರೆ ಉಟ್ಟುಕೊಂಡು ದೆಹಲಿಯ ರಾಜಕಾರಣದ ದೊಡ್ಡ ದೊಡ್ಡ ಘಳಿಗೆಗಳನ್ನು ಸೆರೆಹಿಡಿದ ಇವರು ಸ್ಪೀಡ್ ಗ್ರಾಫಿಕ್‌ನಂಥ ಭಾರದ ಪ್ರೆಸ್ ಕ್ಯಾಮೆರಾವನ್ನೂ ಬಳಸಿದರು, ರೋಲಿಫ್ಲೆಕ್ಸನ್ನೂ ಬಳಸಿದರು. ಒಂದನ್ನು ಮುಖದ ಮಟ್ಟಕ್ಕೆ ಎತ್ತಿ ಹಿಡಿಯಬೇಕು. ಇನ್ನೊಂದನ್ನು ಹೊಟ್ಟೆಯ ಮಟ್ಟದಲ್ಲಿ ಹಿಡಿದು, ತಲೆ ಬಗ್ಗಿಸಿ ಮೇಲಿನ ಗಾಜಿನಲ್ಲಿ ನೋಡಬೇಕು. ಆ ಗಾಜಿನಲ್ಲಿ ಎಡ ಬಲ ಅದಲುಬದಲಾಗಿ ಕಾಣುತ್ತದೆ. ಎಡಕ್ಕೆ ಓಡುವ ಮನುಷ್ಯ ಬಲಕ್ಕೆ ಓಡಿದಂತೆ! ನಮ್ಮ ಜೂಮ್ ಉಂಗುರದ ಗೋಳು ಇದರ ಮುಂದೆ ಯಾವ ಲೆಕ್ಕ, ಹೇಳಿ.

ಈಗ ಯಾಕೆ ಇದೆಲ್ಲ ಅಂದರೆ, ಕ್ಯಾಮೆರಾ ಬದಲಿಸುವ ಕಾಲ ಇದು. 2018ರಲ್ಲಿ ನಿಕಾನ್ ಝಡ್ ಸರಣಿಯನ್ನೂ ಕ್ಯಾನನ್ ಆರ್ ಸರಣಿಯನ್ನೂ ಹೊರತಂದ ಮೇಲೆ ಎರಡೂ ಕಂಪನಿಗಳ ಗಮನ ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗಳ ಕಡೆ ವಾಲಿತು. ಸ್ಟುಡಿಯೊದವರು ಹೊಸದಕ್ಕೆ ಹೋದಂತೆ ಅವರ ಹಳೇ ಡಿಎಸ್‌ಎಲ್‌ಆರ್‌ಗಳು ನಮ್ಮಂಥವರ ಕೈಗೆ ಬರುತ್ತಿವೆ. ಅಣ್ಣನದು ತಂಗಿಗೆ, ಗಂಡನದು ಹೆಂಡತಿಗೆ, ಗುಲ್ಬರ್ಗದ ಅಂಗಡಿಯದು ಚಿಂಚೋಳಿಯ ಹುಡುಗಿಗೆ. ಕಂಪನಿ ಆಯ್ದು ಕೊಳ್ಳುವ ಭಾಗ್ಯ ಎಷ್ಟು ಜನಕ್ಕಿದೆ? ಸಿಕ್ಕಿದ್ದೇ ಕ್ಯಾಮೆರಾ.

ಹಳೇ ಯಜಮಾನರ ಗುರುತು ಅಳಿಸಿ

ಬೇರೆಯವರ ಕ್ಯಾಮೆರಾ ಕೈಗೆ ಬಂದ ಕೂಡಲೇ ಮೆನುವಿನಲ್ಲಿ ರಿಸೆಟ್ ಹುಡುಕಿ ಒತ್ತಿಬಿಡಿ. ಅವರು ಯಾವಾಗಲೋ ಮೈನಸ್ ಎರಡಕ್ಕೆ ಇಳಿಸಿಟ್ಟ ಬೆಳಕು, ರಾತ್ರಿ ಕಾರ್ಯಕ್ರಮಕ್ಕೆ ಏರಿಸಿಟ್ಟ ಐಎಸ್‌ಒ, ಹಿಂದಿನ ಗುಂಡಿಗೆ ವರ್ಗಾಯಿಸಿದ ಫೋಕಸ್… ಇವೆಲ್ಲ ಹಾಗೇ ಕೂತಿರುತ್ತವೆ. “ಈ ಕ್ಯಾಮೆರಾನೇ ಖರಾಬ್ ಅದ” ಅಂತ ವಾಪಸ್ ಕೊಟ್ಟವರನ್ನು ಬಲ್ಲೆ. ರಿಸೆಟ್ ಮಾಡಿದ ಮೇಲೆ ತಾರೀಖು, ಗಂಟೆ ಸರಿ ಮಾಡಲು ಮರೆಯಬೇಡಿ.

ಚಷ್ಮಾ ಹಾಕುವವರಿಗೆ ಒಂದು ಗುಟ್ಟು. ಕಣ್ಣಿಟ್ಟು ನೋಡುವ ಕಿಂಡಿಯ ಪಕ್ಕ ಒಂದು ಪುಟ್ಟ ಚಕ್ರ ಇರುತ್ತದೆ. ಹಿಂದಿನವರು ಅದನ್ನು ತಮ್ಮ ಕಣ್ಣಿಗೆ ಹೊಂದಿಸಿಕೊಂಡಿರುತ್ತಾರೆ. ನಮಗೆ ಎಲ್ಲ ಮಸುಕಾಗಿ ಕಾಣುತ್ತದೆ, ಫೋಟೊ ಮಾತ್ರ ಸರಿಯಾಗಿಯೇ ಬಂದಿರುತ್ತದೆ! ಕಿಂಡಿಯೊಳಗಿನ ಅಂಕಿಗಳು ಚೂಪಾಗಿ ಕಾಣುವ ತನಕ ಆ ಚಕ್ರ ತಿರುಗಿಸಿ. ಐದು ಸೆಕೆಂಡಿನ ಕೆಲಸ. ನನಗೆ ಇದು ಗೊತ್ತಾಗಲು ಎರಡು ತಿಂಗಳು ಹಿಡಿಯಿತು.

ಹಳೇ ಸಾಮಾನಿನಲ್ಲಿ ಏನೇನು ಹೊಸದಕ್ಕೆ ಆಗುತ್ತದೆ? ಮೆಮೊರಿ ಕಾರ್ಡ್ ಎರಡೂ ಕಡೆ ಎಸ್‌ಡಿ ಆಗಿದ್ದರೆ ಬಳಸಬಹುದು. ಹಳೇ ಫೋಟೊ ಕಂಪ್ಯೂಟರಿಗೆ ಇಳಿಸಿಕೊಂಡು, ಹೊಸ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿಕೊಳ್ಳಿ. ಬ್ಯಾಟರಿ, ಚಾರ್ಜರ್ ಆಗುವುದಿಲ್ಲ. ಒಂದು ಕಂಪನಿಗೆ ಅಂತ ಕೊಂಡ ಫ್ಲ್ಯಾಶ್ ಇನ್ನೊಂದರ ಮೇಲೆ ಕೂತೀತು, ಆದರೆ ಅದರ ಆಟೋ ಲೆಕ್ಕಾಚಾರ ನಡೆಯೋದಿಲ್ಲ. ಬೆಳಕು ಎಷ್ಟು ಅನ್ನುವುದನ್ನು ಕೈಯಾರೆ ಇಡಬೇಕು. ಲೆನ್ಸಿನ ವಿಷಯದಲ್ಲಂತೂ ದುಡ್ಡು ಕೊಡುವ ಮೊದಲು ಕೇಳಿ. ನಿಕಾನ್ ಡಿ3000, ಡಿ5000 ಸಾಲಿನ ಕ್ಯಾಮೆರಾಗಳ ಒಳಗೆ ಫೋಕಸ್ ಮೋಟಾರ್ ಇಲ್ಲ. ಅಗ್ಗಕ್ಕೆ ಸಿಕ್ಕಿತು ಅಂತ ಎಎಫ್-ಡಿ ಮಾದರಿಯ ಹಳೇ 50 ಎಂಎಂ ಕೊಂಡರೆ ಪ್ರತಿ ಸಲ ಕೈಯಿಂದಲೇ ಫೋಕಸ್ ಮಾಡುತ್ತಾ ಕೂರಬೇಕು. ಎಎಫ್-ಎಸ್ ಅಂತ ಬರೆದದ್ದು ಬೇಕು.

ಇನ್ನು ಆಲ್ಬಮ್ ಮಾಡುವವರಿಗೆ ರಾ ಫೈಲ್ ಕೊಡುವ ಅಭ್ಯಾಸ ಇದ್ದರೆ ಮೊದಲೇ ಹೇಳಿಬಿಡಿ. ಕ್ಯಾನನ್‌ನದು ಒಂದು ಬಗೆ, ನಿಕಾನ್‌ನದು ಇನ್ನೊಂದು. ಅವರ ಹಳೇ ಸಾಫ್ಟ್‌ವೇರ್ ತೆರೆಯದೇ ಹೋದೀತು. ಜೆಪೆಗ್ ಆದರೆ ತಕರಾರಿಲ್ಲ.

ಹತ್ತು ನಿಮಿಷ, ಕಣ್ಣು ಮುಚ್ಚಿ

ಚಿತ್ತಾಪುರದ ಮದುವೆ ಆದ ಮೇಲೆ ನಾನು ಹಳೇ ಕ್ಯಾಮೆರಾವನ್ನು ತಮ್ಮನಿಗೆ ಕೊಟ್ಟುಬಿಟ್ಟೆ. ಮನೆಯಲ್ಲಿದ್ದರೆ ಕೈ ಅದರ ಕಡೆಗೇ ಹೋಗುತ್ತಿತ್ತು. ದಿನಾ ರಾತ್ರಿ ಊಟ ಆದ ಮೇಲೆ ಹತ್ತು ನಿಮಿಷ ಹೊಸದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರುವುದು. ಕಣ್ಣು ಮುಚ್ಚಿ ಸ್ವಿಚ್ ಹಾಕುವುದು. ಜೂಮ್ ಪೂರಾ ಹತ್ತಿರಕ್ಕೆ, ಪೂರಾ ದೂರಕ್ಕೆ. ಬೆಳಕು ಒಂದು ಮೆಟ್ಟಿಲು ಮೇಲೆ, ಒಂದು ಮೆಟ್ಟಿಲು ಕೆಳಗೆ. ಐಎಸ್‌ಒ. ಫೋಕಸ್ ಬಿಂದು ಎಡಕ್ಕೆ, ಬಲಕ್ಕೆ. ಕಣ್ಣು ತೆರೆದು ಸರಿಯಾಗಿದೆಯೋ ನೋಡುವುದು. “ಏನವ್ವ, ಜಪ ಮಾಡ್ಲತ್ತೀ?” ಅಂತ ನಮ್ಮ ಅತ್ತೆ ನಗುತ್ತಿದ್ದರು. ಜಪವೇ ಅನ್ನಿ. ಐದನೇ ದಿನಕ್ಕೆ ಬೆರಳು ತಾನಾಗಿ ಹೋಗತೊಡಗಿತು. ಜೂಮ್ ಮಾತ್ರ ಮೂರು ವಾರ ಸತಾಯಿಸಿತು. ಈಗ ಯಾರಾದರೂ ಕೇಳಿದರೆ ನಾನು ಜೂಮನ್ನೇ ಮೊದಲು ರೂಢಿ ಮಾಡಿಕೊಳ್ಳಿ ಅನ್ನುತ್ತೇನೆ.

ಆಮೇಲೆ ಓಡಾಡುವ ಅಭ್ಯಾಸ. ಇದಕ್ಕೆ ದೂರ ಹೋಗಬೇಕಿಲ್ಲ. ನಮ್ಮತ್ತೆ ರೊಟ್ಟಿ ಬಡಿಯುವುದಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ. ಅಡುಗೆಮನೆಯಲ್ಲಿ ಬೆಳಕು ಕಡಿಮೆ, ಕೈ ಒಂದು ಕ್ಷಣ ನಿಲ್ಲೋದಿಲ್ಲ, ಹಿಂದೆ ಕಿಟಕಿಯ ಬಿಸಿಲು ಬೇರೆ. ಅಲ್ಲಿ ಹತ್ತು ರೊಟ್ಟಿಯೊಳಗೆ ಒಂದು ಚಲೋ ಫೋಟೊ ಬಂದರೆ ಪೆಂಡಾಲಿನಲ್ಲಿ ಹೆದರಬೇಕಿಲ್ಲ. ರಜೆಯ ದಿನ ಮಳಖೇಡದ ಕೋಟೆಗೆ ಹೋಗಿ, ಕಾಗಿಣಾ ಹೊಳೆಯ ದಂಡೆಯಲ್ಲಿ ಬೆಳಿಗ್ಗೆ ಒಂದು ಗಂಟೆ ಅಡ್ಡಾಡಿ ಬನ್ನಿ. ರಾಷ್ಟ್ರಕೂಟರ ರಾಜಧಾನಿಯ ಕಲ್ಲು ಎಲ್ಲಿಗೂ ಓಡಿಹೋಗೋದಿಲ್ಲ, ನಿಧಾನಕ್ಕೆ ಗುಂಡಿ ಹುಡುಕಬಹುದು. ಓಡುವುದನ್ನು ಹಿಡಿಯಬೇಕೇ? ಚಂದ್ರಂಪಳ್ಳಿ ಡ್ಯಾಮಿನ ಹಕ್ಕಿಗಳಿವೆ. ಚಿಂಚೋಳಿಯ ಆ ಕಾಡು 2011ರಲ್ಲಿ ವನ್ಯಧಾಮ ಆಯಿತು. ಅಲ್ಲಿ ಹಕ್ಕಿ ಹಾರುವ ಮೊದಲು ಜೂಮ್ ಸರಿಯಾದ ಕಡೆ ತಿರುಗಿತೆಂದರೆ ನೀವು ಪಾಸು.

ಶಹಾಬಾದ್ ಪರ್ಸಿ ಹಾಸಿದ ಮನೆಯಾದರೆ ಇನ್ನೊಂದು ಉಪಾಯ ಉಂಟು. ಆ ಕಲ್ಲು ಬೂದುಬಣ್ಣದ್ದು, ತೀರ ಬೆಳ್ಳಗೂ ಅಲ್ಲ, ತೀರ ಕಪ್ಪೂ ಅಲ್ಲ. ಟ್ಯೂಬ್‌ಲೈಟಿನ ಕೆಳಗೆ ಹಳೇ ಕ್ಯಾಮೆರಾದಿಂದ ಒಂದು, ಹೊಸದರಿಂದ ಒಂದು, ಅದೇ ನೆಲ, ಅದೇ ಸೀರೆ ಇಟ್ಟು ತೆಗೆಯಿರಿ. ಒಂದು ಹಳದಿಗೆ ವಾಲುತ್ತದೋ, ಒಂದು ನೀಲಿಗೆ ವಾಲುತ್ತದೋ ಕಣ್ಣಿಗೇ ಕಾಣುತ್ತದೆ. ಹೊಸ ಕ್ಯಾಮೆರಾದಲ್ಲಿ ಅರಿಶಿಣದ ಮುಖ ಹೇಗೆ ಬರುತ್ತದೆ ಅಂತ ಮೊದಲೇ ತಿಳಿದಿದ್ದರೆ ಕಾರ್ಯದ ದಿನ ಬಣ್ಣದ ಶಾಮಿಯಾನ ನೋಡಿ ಕಂಗಾಲಾಗೋದಿಲ್ಲ. ಕೆಂಪು ಶಾಮಿಯಾನದ ಕೆಳಗೆ ಎಲ್ಲರ ಮುಖವೂ ಕೆಂಪೇ! ಬಿಳಿ ಧೋತರವೋ ಕಾಗದವೋ ತೋರಿಸಿ ವೈಟ್ ಬ್ಯಾಲೆನ್ಸ್ ಹೊಂದಿಸುವುದನ್ನು ಎಲ್ಲ ಕ್ಯಾಮೆರಾದಲ್ಲೂ ಮಾಡಬಹುದು, ಆದರೆ ಮೆನುವಿನಲ್ಲಿ ಒಂದೊಂದರಲ್ಲಿ ಒಂದೊಂದು ಕಡೆ ಅಡಗಿರುತ್ತದೆ. ಮನೆಯಲ್ಲೇ ಹುಡುಕಿಟ್ಟುಕೊಳ್ಳಿ.

ಬಳೆ, ಸೆರಗು, ಧೂಳು

ಕ್ಯಾಮೆರಾ ಪುಸ್ತಕಗಳಲ್ಲಿ ಬರೆಯದ ಕೆಲವು ಸಂಗತಿಗಳಿವೆ. ಡಿ5600ನದು ಮುಟ್ಟುವ ಪರದೆ. ಕಣ್ಣಿಟ್ಟು ನೋಡುವಾಗ ಮೂಗು ತಾಗಿ ಏನೋ ಬದಲಾಗಿಬಿಟ್ಟೀತು. ಪರದೆಯನ್ನು ಒಳಮುಖ ಮಡಚಿಟ್ಟರೆ ಈ ತೊಂದರೆ ಇಲ್ಲ. ಬಳೆಯಿಂದ ಗೀರು ಬೀಳುವುದೂ ತಪ್ಪುತ್ತದೆ. ಮಿರರ್‌ಲೆಸ್ ಕೊಂಡವರು ಇನ್ನೊಂದು ವಿಚಿತ್ರ ನೋಡುತ್ತಾರೆ: ಪರದೆ ಇದ್ದಕ್ಕಿದ್ದಂತೆ ಕಪ್ಪಾಗುತ್ತದೆ. ಕೆಟ್ಟಿತು ಅಂತ ಎದೆ ಧಸಕ್ ಅನ್ನುತ್ತದೆ. ಕೆಟ್ಟಿರೋದಿಲ್ಲ. ಕಿಂಡಿಯ ಪಕ್ಕದ ಸೆನ್ಸರಿಗೆ ಸೆರಗು ಅಡ್ಡ ಬಂದಿರುತ್ತದೆ, ಕಣ್ಣೇ ಬಂತೆಂದು ಕ್ಯಾಮೆರಾ ಹೊರಪರದೆ ಆರಿಸಿರುತ್ತದೆ. ಸೆರಗು ಸಿಗಿಸಿಕೊಂಡರೆ ಆಯಿತು.

ಮಿರರ್‌ಲೆಸ್‌ನ ಒಂದು ಸುಖವನ್ನೂ ಹೇಳಿಬಿಡಬೇಕು. ಬೆಳಕು ಏರಿಸಿದರೆ, ಇಳಿಸಿದರೆ ಒತ್ತುವ ಮೊದಲೇ ಕಿಂಡಿಯಲ್ಲಿ ಕಾಣುತ್ತದೆ. ನನಗೆ ಆ ದಿನ ಅದಿದ್ದಿದ್ದರೆ ಕಪ್ಪು ಮುಖ ಮೊದಲೇ ಕಂಡಿರುತ್ತಿತ್ತು. ಅದರ ಬದಲಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ನಿಕಾನ್‌ನ ಸಣ್ಣ ಡಿಎಸ್‌ಎಲ್‌ಆರ್ ಡಿ3500ಗೆ ಕಂಪನಿ ಹೇಳುವ ಲೆಕ್ಕ ಒಂದು ಚಾರ್ಜಿಗೆ 1550 ಫೋಟೊ. ಹಲವು ಮಿರರ್‌ಲೆಸ್‌ಗಳಿಗೆ ಅದು ಮೂರ್ನಾಲ್ಕು ನೂರರ ಆಜುಬಾಜು. ಡಿಎಸ್‌ಎಲ್‌ಆರ್ ರೂಢಿಯಲ್ಲಿ ಒಂದೇ ಬ್ಯಾಟರಿ ಒಯ್ದರೆ ಸುರಗಿ ಮುಗಿಯುವಷ್ಟರಲ್ಲಿ ಕೆಂಪು ದೀಪ.

ಧೂಳಿನ ಕಥೆ ನಮ್ಮ ಕಡೆಯವರಿಗೆ ಹೇಳಬೇಕೇ? ವಾಡಿ, ಸೇಡಂನಲ್ಲಿ ಸಿಮೆಂಟ್ ಫ್ಯಾಕ್ಟರಿ, ಶಹಾಬಾದಿನಲ್ಲಿ ಪರ್ಸಿ ಕೊಯ್ದು ಪಾಲಿಶ್ ಮಾಡುವ ಮಷಿನ್‌ಗಳು. ಬೆಳಿಗ್ಗೆ ಒರೆಸಿದ ಕಿಟಕಿ ಸಂಜೆಗೆ ಬೆಳ್ಳಗೆ. ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸ್ ಬಿಚ್ಚಿದರೆ ಮುಂದೆ ಕನ್ನಡಿಯಾದರೂ ಅಡ್ಡ ಇರುತ್ತದೆ. ಬಹಳಷ್ಟು ಮಿರರ್‌ಲೆಸ್‌ಗಳಲ್ಲಿ ಸೆನ್ಸರೇ ಬಾಯ್ತೆರೆದು ಕೂತಿರುತ್ತದೆ. ಅದಕ್ಕೇ ಹೊರಗೆ ಬಯಲಿನಲ್ಲಿ ಲೆನ್ಸ್ ಬದಲಿಸಬೇಡಿ. ಮನೆಯೊಳಗೆ, ಫ್ಯಾನ್ ಆರಿಸಿ, ಕ್ಯಾಮೆರಾ ಸ್ವಿಚ್ ಆಫ್ ಮಾಡಿ, ಬಾಯಿ ಕೆಳಗೆ ಮಾಡಿ ಹಿಡಿದು ಬದಲಿಸಿ. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ರಬ್ಬರಿನ ಬ್ಲೋವರ್ ಅಂಗಡಿಯಲ್ಲಿ ಸಿಗುತ್ತದೆ.

ಬಿಸಿಲೂ ಅಷ್ಟೇ. ನಾನು ಬಳಸಿದ ಎರಡೂ ಕ್ಯಾಮೆರಾದ ಕೈಪಿಡಿಯಲ್ಲಿ 0ಯಿಂದ 40 ಡಿಗ್ರಿಯೊಳಗೆ ಬಳಸಿ ಅಂತ ಬರೆದಿದೆ. ಓದಿ ನಗು ಬಂತು. ಮೇ ತಿಂಗಳಲ್ಲಿ ನಮ್ಮಲ್ಲಿ ನೆರಳೇ 40 ದಾಟುತ್ತದೆ! ಮದುವೆ ಸೀಜನ್ನೂ ಅದೇ. ಕಾರಿನಲ್ಲಿ ಬಿಟ್ಟು ಊಟಕ್ಕೆ ಹೋಗಬೇಡಿ, ಬಿಳಿ ಟವೆಲ್ ಸುತ್ತಿ ನೆರಳಲ್ಲಿಡಿ.

ನಾಳೆಯೇ ಕಾರ್ಯ ಇದ್ದರೆ?

ಇಷ್ಟೆಲ್ಲ ಓದಿ “ನಮಗ ವಾರ ಎಲ್ಲಿ ಅದ, ನಾಳೆನೇ ಕುಬಸ” ಅನ್ನುವವರಿದ್ದೀರಿ. ಹಳೇ ಕ್ಯಾಮೆರಾ ಇನ್ನೂ ಕೈಯಲ್ಲಿದ್ದರೆ ನಾಳೆ ಅದನ್ನೇ ಒಯ್ಯಿರಿ. ನಾಚಿಕೆ ಬೇಡ. ಹೊಸದು ಊಟದ ಪಂಕ್ತಿ, ಮಕ್ಕಳ ಆಟ ತೆಗೆಯುವುದಕ್ಕಿರಲಿ. ಆದರೆ ಒಂದು ಹೆಗಲಿಗೆ ಕ್ಯಾನನ್, ಇನ್ನೊಂದು ಹೆಗಲಿಗೆ ನಿಕಾನ್ ಹಾಕಿಕೊಂಡು ಒಂದೇ ಘಳಿಗೆಯಲ್ಲಿ ಎರಡನ್ನೂ ಆಡಿಸಲು ಹೋಗಬೇಡಿ. ಬೆರಳು ಎರಡನ್ನೂ ಮರೆಯುತ್ತದೆ.

ಹೊಸದೊಂದೇ ಇದೆಯಾ? ಹಾಗಾದರೆ ಮುಟ್ಟಬೇಕಾದ ಗುಂಡಿಗಳನ್ನೇ ಕಡಿಮೆ ಮಾಡಿಕೊಳ್ಳಿ. ಮೇಲಿನ ಡಯಲ್‌ನಲ್ಲಿ ಕ್ಯಾನನ್‌ನವರು ‘ಎವಿ’, ‘ಟಿವಿ’ ಅಂತ ಬರೆದದ್ದನ್ನೇ ನಿಕಾನ್‌ನವರು ‘ಎ’, ‘ಎಸ್’ ಅಂತ ಬರೆದಿರುತ್ತಾರೆ. ಆದರೆ ‘ಪಿ’ ಎಲ್ಲರಲ್ಲೂ ‘ಪಿ’ಯೇ. ಅದಕ್ಕೆ ಇಡಿ. ಐಎಸ್‌ಒ ಆಟೋ ಮಾಡಿ. ಜೂಮ್ ಒಂದು ಕಡೆ ನಿಲ್ಲಿಸಿ, ಬೇಕಾದರೆ ಉಂಗುರಕ್ಕೆ ಪಟ್ಟಿ ಅಂಟಿಸಿಬಿಡಿ, ಫೋಕಸ್ ಉಂಗುರಕ್ಕೆ ಮಾತ್ರ ತಾಗದಿರಲಿ. ಹತ್ತಿರ ಬೇಕೆಂದರೆ ಕಾಲು ಮುಂದಿಡಿ, ದೂರ ಬೇಕೆಂದರೆ ಹಿಂದಿಡಿ. ಒಳಮನೆಯಲ್ಲಿ ನಾವು ಹೆಣ್ಮಕ್ಕಳು ಹತ್ತಿರ ಹೋದರೆ ಯಾರೂ ಬೇಡ ಅನ್ನೋದಿಲ್ಲ. ಬೆಳಕು ಏರಿಸುವ ಗುಂಡಿ ಒಂದನ್ನು ಮಾತ್ರ ರಾತ್ರಿಯೇ ರೂಢಿ ಮಾಡಿಕೊಂಡು ಮಲಗಿ. ಇದರಲ್ಲಿ ಕಲೆ ಗಿಲೆ ಏನಿಲ್ಲ, ಘಳಿಗೆ ತಪ್ಪೋದಿಲ್ಲ ಅಷ್ಟೆ.

ಕೈತಪ್ಪಿದ ಎರಡು ಕುಬಸಗಳ ಪೈಕಿ ಒಂದು ಮನೆಯವರು ಮುಂದೆ ತೊಟ್ಟಿಲಿಗೆ ನನ್ನನ್ನೇ ಕರೆದರು. ಶಹಾಬಾದಿನಲ್ಲಿ, ಪರ್ಸಿ ಗೋಡೆಯ ಹಳೇ ಮನೆ, ಒಂದೇ ಕಿಟಕಿ. ಕೂಸನ್ನು ತೊಟ್ಟಿಲ ಕೆಳಗಿಂದ ದಾಟಿಸುವಾಗ ಜೂಮ್ ತಿರುಗಿಸಿದೆ. ಸರಿಯಾದ ಕಡೆಗೇ ತಿರುಗಿತು. ಹೆಸರಿಡುವ ಹೊತ್ತಿಗೆ ಎಲ್ಲರೂ ಸೋದರತ್ತೆಯ ಬೆನ್ನಿಗೆ ಗುದ್ದುವಾಗ ಆಕೆ ಮುಖ ಕಿವುಚಿದ ಫೋಟೊ ಆ ಮನೆಯ ಗೋಡೆಯ ಮೇಲಿದೆ.

ಮೊನ್ನೆ ತಮ್ಮನ ಹೆಂಡತಿ ಬಂದಿದ್ದಳು. ಅದೇ ಹಳೇ 1200ಡಿ ಚೀಲದಲ್ಲಿತ್ತು. “ವೈನಿ, ನಿಮ್ಮ ಕ್ಯಾಮೆರಾನೇ ಅಲ್ರಿ ಇದು, ನಂದೊಂದು ಫೋಟೊ ಹೊಡೀರಿ” ಅಂತ ಕೈಗಿಟ್ಟಳು. ಐದು ವರ್ಷ ಕೈಯಲ್ಲಿದ್ದದ್ದು ಅಂತ ಜಂಬದಿಂದ ಕಣ್ಣಿಗಿಟ್ಟು ಜೂಮ್ ತಿರುಗಿಸಿದೆ. ಆಕೆಯ ಮುಖ ದೂರ ಓಡಿತು.